ಮಣೆ ಎಷ್ಟು ಎತ್ತರ ಇರೆಕ್ಕು?

ನಿಂಗಳ ಅಡಿಗೆ ಕೋಣೆಲಿ ಇಪ್ಪ ಮರದ ಸಟ್ಟುಗವ ಒಂದರಿ ಕೈಲಿ ಹಿಡ್ಕೊಂಡು ನೋಡಿ. ಅದರ ಮಾಡಿದ್ದು ಆರು? ಕಾಯಿ ಕೆರವ ಮಣೆ ಇಷ್ಟೇ ಉದ್ದ, ಇಷ್ಟೇ ಅಗಲ ಇರೆಕ್ಕು ಹೇಳಿ ಸುರುವಿಂಗೆ ನಿಘಂಟು ಮಾಡಿದ್ದು ಆರು? ಆರಿಂಗೂ ಗೊಂತಿಲ್ಲೆ. ಅಜ್ಜನ ಕಾಲದ ಆಚಾರಿ ಮಾಡಿದ್ದು ಹೇಳುಗು. ಆ ಆಚಾರಿಗೆ ಅವನ ಅಪ್ಪ° ಹೇಳಿಕೊಟ್ಟದು ಹೇಳುಗು. ನಮ್ಮ ಹಿತ್ತಾಳೆ ಪಾತ್ರಂಗಳಲ್ಲಿ ಹೆಸರು ಕೆತ್ತಿದ್ದು ಇರ್ತು, ಅಪ್ಪು. ಆದರೆ ಅದು ಮದುವೆಲಿ ಉಡುಗೊರೆ ಕೊಟ್ಟವರ ಹೆಸರು, ಅಲ್ಲದ್ದರೆ ಮನೆಯವರ ಹೆಸರು. ಪಾತ್ರ ಬಡುದು ಮಾಡಿದವನ ಹೆಸರು ಆನು ಇಂದಿನ ವರೆಗೆ ಎಲ್ಲಿಯೂ ಕಂಡಿದಿಲ್ಲೆ.

ಹೀಂಗೆ ಹೆಸರಿಲ್ಲದ್ದವು ಮಾಡಿದ ಸಾಮಾನುಗಳ ಬಗ್ಗೆ ಜೀವನಪೂರ್ತಿ ತಲೆ ಬೆಶಿ ಮಾಡಿಗೊಂಡ ಅಪ್ಪ°-ಮಗನ ಕತೆ ಒಂದು ಜಪಾನಿಲಿ ಇದ್ದು. ಇಂದು ಅದರ ಹೇಳುವ° ಹೇಳಿ ಕೂಯಿದೆ. ಮಗನ ಹೆಸರು ಸೋರಿ ಯಾನಾಗಿ. ಮೇಜು ಕುರ್ಶಿಂದ ಹಿಡುದು ಚಮಚದ ವರೆಗೆ ದಿನಬಳಕೆಯ ಸಾಮಾನುಗೊಕ್ಕೆ ರೂಪ ಕೊಟ್ಟವು, ಆ ದೇಶದ ದೊಡ್ಡ ವಿನ್ಯಾಸಗಾರರಲ್ಲಿ ಒಬ್ಬರು. ಹೆಸರು ಕೇಳಿಯಪ್ಪಗ ನವಗೆ ನೆಗೆ ಬಾರದ್ದೆ ಇರ. "ಸೋರಿ ಹೇಳ್ತ ಹೆಸರಿನವು ಮಾಡಿದ ಕೆಟ್ಲಿಲಿ ನೀರು ನಿಲ್ಲುಗೋ ಕೂಸೇ?" ಹೇಳಿ ಎನ್ನ ಅತ್ತೆ ಸುರುವಿಂಗೆ ಕೇಳಿದವು. ನಿಲ್ಲುತ್ತು. ಒಂಬತ್ತು ವರ್ಷಂದ ಎಂಗಳ ಮನೆಲಿ ನಿಂದೊಂಡಿದ್ದು, ಒಂದು ಹನಿ ಸೋರಿದ್ದಿಲ್ಲೆ.

ಎಂಗೊ ನಾಲ್ಕು ವರ್ಷ ಯೋಕೊಹಾಮಲ್ಲಿ ಇತ್ತಿದ್ದೆಯೊ°. ಇವರ ಕಂಪೆನಿ ಕಳುಸಿದ್ದು. ಸಣ್ಣ ಬಾಡಿಗೆ ಮನೆ, ಅಡಿಗೆ ಕೋಣೆ ಹೇಳಿರೆ ಎರಡು ಹೆಜ್ಜೆ ಜಾಗೆ. ಅಲ್ಲಿಗೆ ಹೋದ ಸುರುವಿಲಿ ತೆಗದ್ದು ಒಂದು ಕೆಟ್ಲು. ಮತ್ತೆ ಹಿಟ್ಟು ಕಲಸುಲೆ ಒಂದು ಸ್ಟೀಲಿನ ಪಾತ್ರ. ಮತ್ತೆ ನಾಲ್ಕು ಚಮಚ. ಬೇರೆ ಬೇರೆ ದಿನ, ಬೇರೆ ಬೇರೆ ಅಂಗಡಿಲಿ ಕೈಗೆ ಹಿಡುದು ನೋಡಿ ತೆಗದ್ದು. ಮನೆಗೆ ತಂದು ನೋಡಿರೆ ಎಲ್ಲದರ ಕಾಗದಲ್ಲಿಯೂ ಒಂದೇ ಹೆಸರು! ಮತ್ತೆ ಗೊಂತಾತು, ಆ ಊರಿನ ನೆಲದಡಿ ರೈಲಿನ ಸ್ಟೇಷನುಗೊಕ್ಕೆ ಬೆಂಚು, ನೀರು ಕುಡಿವ ಕಟ್ಟೆ ಎಲ್ಲ ಹೇಂಗಿರೆಕ್ಕು ಹೇಳಿ ಮಾಡಿಕೊಟ್ಟದೂ ಅವ್ವೇ ಹೇಳಿ. ಚಮಚಂದ ಸ್ಟೇಷನಿನ ವರೆಗೆ ಒಬ್ಬನೇ ಮನುಷ್ಯ ಹೇಂಗೆ ಹೋದ°? ಹಾಂಗೆ ಓದುಲೆ ಸುರು ಮಾಡಿದ್ದು.

ಸೋರಿ ಹುಟ್ಟಿದ್ದು 1915ರಲ್ಲಿ, ಟೋಕಿಯೋ ಪೇಟೆಲಿ. ಅಬ್ಬೆ ಕಾನೆಕೊ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಲ್ಲಿ ಹೆಸರು ಹೋದ ಹಾಡುಗಾರ್ತಿ. ಅಪ್ಪ° ಸೋಯೆತ್ಸು ಯಾನಾಗಿ ದೊಡ್ಡ ವಿಚಾರವಂತರು. ಆ ಕಾಲಲ್ಲಿ ಜಪಾನಿಲಿ ಫ್ಯಾಕ್ಟರಿಗೊ ಒಂದರ ಹಿಂದೆ ಒಂದು ಏಳ್ತಾ ಇದ್ದತ್ತು. ಹಳ್ಳಿಗಳ ಕೈಕೆಲಸದ ಸಾಮಾನು ಹೇಳಿರೆ ಆರಿಂಗೂ ಬೇಡದ್ದ ಗುಜರಿ ಹೇಳಿ ಆಗಿತ್ತು. ಸೋಯೆತ್ಸು ಊರೂರು ತಿರುಗಿ ಅದನ್ನೇ ಒಟ್ಟುಮಾಡಿದವು. ಉಂಬ ಬಟ್ಟಲು, ಬುಟ್ಟಿ, ನೀಲಿಬಣ್ಣದ ಹತ್ತಿವಸ್ತ್ರ, ಉಪ್ಪಿನಕಾಯಿ ಹಾಕುವ ಭರಣಿ. ಆರು ಮಾಡಿದ್ದು ಹೇಳಿ ಗೊಂತಿಲ್ಲದ್ದ, ಬಡವರು ಬಡವಕ್ಕೆ ಬೇಕಾಗಿ ಮಾಡಿದ, ದಿನಾ ಉಪಯೋಗುಸುವ ಸಾಮಾನಿಲಿಯೇ ನಿಜವಾದ ಚೆಂದ ಇಪ್ಪದು ಹೇಳಿ ಅವರ ವಾದ. ಶೋಜಿ ಹಮಾದಾ, ಕಾಂಜಿರೋ ಕವಾಯ್ ಹೇಳ್ತ ಇಬ್ರು ಕುಂಬಾರ ಸ್ನೇಹಿತರೊಟ್ಟಿಂಗೆ 1925ರಲ್ಲಿ ಅದಕ್ಕೆ ಒಂದು ಹೊಸ ಶಬ್ದವನ್ನೇ ಕಟ್ಟಿದವು: ಮಿಂಗೆ. ಜನಸಾಮಾನ್ಯರ ಕೈಕಸುಬು ಹೇಳಿ ಅರ್ಥ. 1936ರಲ್ಲಿ ಟೋಕಿಯೋದ ಕೊಮಾಬಾಲ್ಲಿ ಈ ಸಾಮಾನುಗೊಕ್ಕೆ ಹೇಳಿಯೇ ಒಂದು ಮ್ಯೂಸಿಯಂ ತೆಗದವು. ಈಗಳೂ ಇದ್ದು, ಎಂಗೊ ಎರಡು ಸರ್ತಿ ಹೋಯಿದೆಯೊ°.

ಅವು ತುಂಬಾ ಹೊಗಳಿದ ಒಂದು ಚಾಯದ ಬಟ್ಟಲು ಇದ್ದು. ಕಿಝಾಯೆಮೊನ್ ಹೇಳಿ ಅದರ ಹೆಸರು. ಕೊರಿಯಾ ದೇಶದ ಆರೋ ಒಬ್ಬ ಕುಂಬಾರ° ತಿರುಗುಸಿ ಕರೆಂಗೆ ಮಡಗಿದ ಸಾದಾ ಬಟ್ಟಲು. ಮುಂದೆ ಅದು ಜಪಾನಿನ ಚಾಯದ ಗುರುಗಳ ಕೈಗೆ ಬಂದು, ಈಗ ಆ ದೇಶದ ರಾಷ್ಟ್ರೀಯ ಸಂಪತ್ತು. ಮಾಡಿದವಂಗೆ ತಾನು ಎಂತದೋ ದೊಡ್ಡದು ಮಾಡ್ತಾ ಇದ್ದೆ ಹೇಳಿ ಗೊಂತೇ ಇತ್ತಿಲ್ಲೆ, ಅದಕ್ಕೇ ಅಷ್ಟು ಚೆಂದ ಆದ್ದು ಹೇಳಿ ಸೋಯೆತ್ಸು ಹೇಳ್ತವು.

ಇಂತ ಮನೆಲಿ ಬೆಳದ ಮಾಣಿ ಎಂತ ಆಯೆಕ್ಕು? ಅಪ್ಪನ ದಾರಿ ಹಿಡಿಯೆಕ್ಕು, ಅಲ್ಲದ್ದರೆ ಅಪ್ಪನ ಬಿಟ್ಟು ಓಡೆಕ್ಕು. ಸೋರಿ ಎರಡನೆದರ ಮಾಡಿದವು. ಟೋಕಿಯೋದ ಕಲಾ ಶಾಲೆಲಿ ಚಿತ್ರ ಬಿಡುಸುದರ ಕಲ್ತವು. ಅಪ್ಪನ ಹಳೆ ಭರಣಿಗಳಿಂದ ಅವಕ್ಕೆ ಯುರೋಪಿನ ಹೊಸ ಗಾಳಿಯೇ ಹೆಚ್ಚು ಕೊಶಿ. ಮುಂದೆ ನಮ್ಮ ಚಂಡೀಗಢವ ಕಟ್ಟಿದ ಲೆ ಕಾರ್ಬೂಸಿಯೇ ಇದ್ದವಲ್ಲದೋ, ಅವರ ಪುಸ್ತಕ ಓದಿ ಮರುಳಾಗಿತ್ತಿದ್ದವು. ಮಿಷನಿಲಿ ಮಾಡಿದ ಸಾಮಾನೂ ಚೆಂದ ಇಪ್ಪಲಕ್ಕು ಹೇಳಿ ಅವರ ತಲೆಗೆ ಹೊಕ್ಕಿದ್ದು ಅಂಬಗ. ಕೈಕೆಲಸದ ಗುಣಗಾನ ಮಾಡಿಗೊಂಡು ಇಪ್ಪ ಅಪ್ಪಂಗೆ ಇದರಿಂದ ದೊಡ್ಡ ವಿರೋಧ ಬೇರೆ ಎಂತ ಬೇಕು?

1940ರಲ್ಲಿ ಒಂದು ವಿಶೇಷ ನೆಡದತ್ತು. ಕಾರ್ಬೂಸಿಯೇ ಅವರ ಪ್ಯಾರಿಸಿನ ಕಚೇರಿಲಿ ಹತ್ತು ವರ್ಷ ಕೆಲಸ ಮಾಡಿದ ಶಾರ್ಲೋಟ್ ಪೆರಿಯಾಂ ಹೇಳ್ತ ಫ್ರೆಂಚ್ ಹೆಮ್ಮಕ್ಕಳ ಜಪಾನಿನ ಸರಕಾರ ಕೈಗಾರಿಕಾ ಕಲೆಗೆ ಸಲಹೆಗಾರರಾಗಿ ಬಪ್ಪಲೆ ಹೇಳಿತ್ತು. ಅವಕ್ಕೆ ಊರು ತೋರುಸುಲೆ, ಕೆಲಸಲ್ಲಿ ಸಕಾಯ ಮಾಡ್ಲೆ ಸಿಕ್ಕಿದ್ದು ಅದೇ ತಾನೇ ಕಲಿತ್ತದು ಮುಗುಶಿದ ಸೋರಿ. ಇಬ್ರೂ ಹಳ್ಳಿ ಹಳ್ಳಿ ತಿರುಗಿದವು. ತಮಾಶೆ ನೋಡಿ, ಅಪ್ಪನೊಟ್ಟಿಂಗೆ ಹೋಪಲೆ ಮನಸ್ಸಿಲ್ಲದ್ದ ದಾರಿಲಿ ಪ್ಯಾರಿಸಿನವರೊಟ್ಟಿಂಗೆ ನೆಡವಲಾತು. ಪೆರಿಯಾಂ ಹಳ್ಳಿ ಕೆಲಸವ ನೋಡಿ ಬರೇ ಹೊಗಳಿ ಕೂಯಿದವಿಲ್ಲೆ. 1928ರಲ್ಲಿ ಸ್ಟೀಲಿನ ಕೊಳವೆಲಿ ಮಾಡಿದ ತನ್ನ ಒರಗುವ ಕುರ್ಶಿಯ ಜಪಾನಿನ ಬೆದುರಿಲಿ ಬೇರೆಯೇ ನಮೂನೆಲಿ ಮಾಡುಸಿದವು. ಬೆದುರಿಂಗೆ ಅದರದ್ದೇ ಆದ ಸ್ಪ್ರಿಂಗು ಇದ್ದಲ್ಲದೋ, ಅದರ ಉಪಯೋಗುಸಿಗೊಂಡವು. 1941ರಲ್ಲಿ ಟೋಕಿಯೋಲ್ಲಿಯೂ ಒಸಾಕಾಲ್ಲಿಯೂ ಒಂದು ಪ್ರದರ್ಶನ ಮಾಡಿದವು. ಆಯ್ಕೆ, ಪರಂಪರೆ, ಸೃಷ್ಟಿ ಹೇಳಿ ಅದರ ಹೆಸರು.

ಈ ಮೂರು ಶಬ್ದ ಸೋರಿಯ ಮುಂದಾಣ ಎಪ್ಪತ್ತು ವರ್ಷದ ಕೆಲಸಕ್ಕೆ ತಳಪಾಯ ಆತು ಹೇಳಿ ಎನ್ನ ಲೆಕ್ಕ. ಪರಂಪರೆ ಹೇಳಿರೆ ಹಳತ್ತರ ಹಾಂಗೇ ತೆಗದು ಮಡುಗುದಲ್ಲ, ಅದರಿಂದ ಹೊಸತ್ತು ಹುಟ್ಟೆಕ್ಕು. ಹುಟ್ಟದ್ದರೆ ಅದು ಪರಂಪರೆ ಅಲ್ಲ. ಇದರ ಅವು ಭಾಷಣಲ್ಲಿ ಹೇಳಿದ್ದರಿಂದ ಹೆಚ್ಚು ಸಾಮಾನಿಲಿ ತೋರುಸಿದ್ದವು.

ನೆಡುಕೆ ಮಹಾಯುದ್ಧ ಬಂತು. ಸೋರಿ ಸೈನ್ಯಲ್ಲಿ ಫಿಲಿಪ್ಪೀನ್ಸಿಂಗೆ ಹೋಯೆಕ್ಕಾಗಿ ಬಂತು. ಜೀವಲ್ಲಿ ತಿರುಗಿ ಬಂದು ನೋಡಿರೆ ಟೋಕಿಯೋ ಸುಟ್ಟು ಬೂದಿ ಆಗಿದ್ದತ್ತು. ಮನೆ ಇಲ್ಲೆ, ಪಾತ್ರ ಇಲ್ಲೆ, ಕೂಪಲೆ ಒಂದು ಹಲಗೆ ಇಲ್ಲದ್ದ ಜೆನ. ಆ ಹೊತ್ತಿಲಿ ಒಂದೊಂದು ಬಟ್ಟಲನ್ನೂ ಕೈಲೇ ಮಾಡಿ ಮುಗಿಗೋ? ಮಿಷನು ಬೇಕೇ ಬೇಕು. ಆದರೆ ಮಿಷನಿಲಿ ಬಪ್ಪದು ಹಾಳುಮೂಳು ಆಗದ್ದ ಹಾಂಗೆ ನೋಡಿಗೊಂಬಲೆ ಒಬ್ಬ ಬೇಕು. 1948ರಲ್ಲಿ ಒಂದು ಹೂಗುದೆ ಇಲ್ಲದ್ದ, ಬರೇ ಬೆಳಿ ಪಿಂಗಾಣಿಯ ಚಾಯದ ಸೆಟ್ಟು ಮಾಡಿದವು. 1952ರಲ್ಲಿ ಅವು ರೂಪ ಕೊಟ್ಟ ರೆಕಾರ್ಡ್ ಪ್ಲೇಯರಿಂಗೆ ಮೈನಿಚಿ ಪತ್ರಿಕೆಯ ಮೊದಲಾಣ ಕೈಗಾರಿಕಾ ವಿನ್ಯಾಸ ಸ್ಪರ್ಧೆಲಿ ಮೊದಲ ಬಹುಮಾನ ಬಂತು. ಅಲ್ಲಿಂದ ಹೆಸರು ಸುರು.

ಇನ್ನು ಅವರ ಹೆಸರು ಹೇಳಿರೆ ಎಲ್ಲೋರಿಂಗೂ ನೆಂಪಪ್ಪ ಸಾಮಾನು. ಬಟರ್‌ಫ್ಲೈ ಸ್ಟೂಲು. ಹಾತೆ ರೆಕ್ಕೆ ಬಿಡುಸಿ ಕೂದ ಹಾಂಗೆ ಕಾಣ್ತು. ಪ್ಲೈವುಡ್ಡಿನ ಎರಡು ತುಂಡು. ಎರಡೂ ಒಂದೇ ಅಚ್ಚಿಲಿ ಮಾಡಿದ್ದು, ಕನ್ನಾಟಿಲಿ ಕಂಡ ಹಾಂಗೆ ಎದುರೆದುರೆ ನಿಲ್ಲುಸುದು. ಕೂಪ ಜಾಗೆಯ ಅಡಿಲಿ ಎರಡು ಸ್ಕ್ರೂ, ಕೆಳ ನೆಡುಕೆ ಒಂದು ಹಿತ್ತಾಳೆ ಸರಳು. ಮುಗುದತ್ತು. ನಾಲ್ಕು ಕಾಲಿಲ್ಲೆ, ಗೂಟ ಇಲ್ಲೆ, ಮೊಳೆ ಇಲ್ಲೆ.

ನಮ್ಮ ಆಚಾರಿಗಳ ಕೇಳಿ ನೋಡಿ, ಹಲಗೆಯ ಹಾಂಗೆ ಬಗ್ಗುಸುಲೆ ಎಡಿಯ ಹೇಳುಗು. ಅಪ್ಪು, ಒಂದು ಹಲಗೆಯ ಎಡಿಯ. ಮರವ ಕಾಗದದ ಹಾಂಗೆ ಸಪೂರಕ್ಕೆ ಸೀಳಿ, ಒಂದರ ಮೇಗೆ ಒಂದು ಅಂಟು ಹಾಕಿ ಮಡಗಿ, ಅಚ್ಚಿನ ಎಡೆಲಿ ಬೆಶಿ ಕೊಟ್ಟು ಒತ್ತಿರೆ ಆ ಪದರಂಗೊ ಅಚ್ಚಿನ ಆಕಾರಲ್ಲಿಯೇ ಗಟ್ಟಿ ಆವ್ತು. ಈ ವಿದ್ಯೆ ಸೋರಿಗೆ ಗೊಂತಿತ್ತಿಲ್ಲೆ. ಅವು ಕೈಲಿ ಬಗ್ಗುಸಿ ಬಗ್ಗುಸಿ ಮಾಡಿದ ಸಣ್ಣ ಮಾದರಿಯ ಹಿಡ್ಕೊಂಡು ಸೆಂಡಾಯ್ ಊರಿನ ಸರಕಾರಿ ಕೈಗಾರಿಕಾ ಕಲಾ ಸಂಸ್ಥೆಲಿ ಇತ್ತಿದ್ದ ಸಾಬುರೊ ಇನುಯಿ ಹೇಳ್ತ ತಂತ್ರಜ್ಞರ ಹತ್ತರೆ ಹೋದವು. ಮತ್ತೆ ಅದರ ಮಾಡ್ಲೆ ಒಪ್ಪಿದ್ದು ಯಾಮಾಗಾತಾ ಪ್ರಾಂತ್ಯದ ತೆಂಡೋ ಮೊಕ್ಕೋ. ತೆಂಡೋ ಹೇಳಿರೆ ಜಪಾನಿನ ಚದುರಂಗದ ಮರದ ಕಾಯಿಗೆ ಹೆಸರು ಹೋದ ಊರು. ಅಲ್ಯಾಣ ಬಡಗಿಗೊ 1940ರಲ್ಲಿ ಸೇರಿ ಕಟ್ಟಿದ ಸಂಘ ಅದು. ಯುದ್ಧದ ಕಾಲಲ್ಲಿ ಮದ್ದುಗುಂಡಿನ ಪೆಟ್ಟಿಗೆ, ವೈರಿಗಳ ಮರುಳು ಮಾಡ್ಲೆ ಮರದ ಸುಳ್ಳು ವಿಮಾನ ಮಾಡಿಗೊಂಡಿತ್ತಿದ್ದವು. ಅದೇ ಕೈಗೊ ಈಗ ಹಾತೆ ಮಾಡ್ಲೆ ಕೂದವು!

1954ರ ಸುಮಾರಿಂಗೆ ಸ್ಟೂಲು ತಯಾರಾತು. 1957ರಲ್ಲಿ ಇಟಲಿಯ ಮಿಲಾನ್ ತ್ರಿಯೆನಾಲೆ ಪ್ರದರ್ಶನಲ್ಲಿ ಚಿನ್ನದ ಪದಕ ಬಂತು. ಎನಗೆ ಇದರ್ಲಿ ಆಶ್ಚರ್ಯ ಅಪ್ಪದು ಪದಕ ಅಲ್ಲ. ಜಪಾನಿನವು ನಮ್ಮ ಹಾಂಗೇ ನೆಲಲ್ಲಿ ಕೂಪ ಜೆನ. ಚಾಪೆ ಹಾಸಿದ ಮನೆಲಿ ಸ್ಟೂಲು ಹೇಳ್ತದೇ ಹೆರಾಂದ ಬಂದ ಸಾಮಾನು. ಹಾಂಗಾರೂ ಇದರ ನೋಡಿರೆ ಯುರೋಪಿನ ಕಾಪಿ ಹೇಳಿ ಆರೂ ಹೇಳವು. ಜಪಾನಿನ ದೇವಸ್ಥಾನದ ಹೆಬ್ಬಾಗಿಲಿನ ಬಾಗು ಇದ್ದು, ಕುಂಚಲ್ಲಿ ಬರದ ಅಕ್ಷರದ ಓಟ ಇದ್ದು. ಅಪ್ಪನ ಮನೆಯ ಭರಣಿಗೊ ಮಗನ ಕೈಲಿ ಬೇರೆ ವೇಷಲ್ಲಿ ಹೆರ ಬಂದ ಹಾಂಗೆ.

ಕೂಪ ಜಾಗೆಯ ಬಗ್ಗೆ ಆನು ಇಷ್ಟು ತಲೆ ಹಾಕುಲೆ ಕಾರಣ ಎಂಗಳ ಮನೆಲೇ ಇದ್ದು.

ಊರಿಂಗೆ, ಪುತ್ತೂರು ಹತ್ತರಾಣ ಎಂಗಳ ಮನೆಗೆ, ತಿರುಗಿ ಬಂದು ಐದು ವರ್ಷ ಆತು. ಅತ್ತೆಗೆ ಈಗ ಎಪ್ಪತ್ತಮೂರು. 55 ವರ್ಷ ಅವು ಅಡಿಗೆ ಮಾಡಿದ್ದು ನೆಲಲ್ಲಿ ಮಣೆ ಹಾಕಿ ಕೂದು. ಮೆಟ್ಟುಕತ್ತಿಯ ಕಾಲಿಲಿ ಮೆಟ್ಟಿ ಹಿಡುದರೆ ಬಾಳೆಕಾಯಿಯಾಗಲಿ, ಹಲಸಿನ ಗುಜ್ಜೆಯಾಗಲಿ, ಮಾತಾಡಿಗೊಂಡೇ ಕೊರದು ರಾಶಿ ಹಾಕುಗು. ಕಳುದ ವರ್ಷ ಮೊಳಪ್ಪು ಬೇನೆ ಜೋರಾತು. ನೆಲಲ್ಲಿ ಕೂಪಲೇ ಆಗ ಹೇಳಿದವು ಡಾಕ್ಟ್ರು. ಗ್ರಾನೈಟು ಕಟ್ಟೆಯ ಹತ್ತರೆ ನಿಂದು ಪೀಶಕತ್ತಿಲಿ ಕೊರವಲೆ ನೋಡಿದವು. ಅಭ್ಯಾಸ ಇಲ್ಲದ್ದ ಕೈ, ಹತ್ತು ನಿಮಿಷ ನಿಂಬಗ ಕಾಲು ಬೀಗುತ್ತು. ಪ್ಲಾಸ್ಟಿಕ್ ಕುರ್ಶಿ ತಂದು ಮಡಗಿದೆಯೊ°. ಅದರ್ಲಿ ಕೂದರೆ ಮೆಟ್ಟುಕತ್ತಿ ಎಲ್ಲಿಯೋ, ಕೈ ಎಲ್ಲಿಯೋ.

ನಿಧಾನಕ್ಕೆ ಅವು ಒಳ ಬಪ್ಪದೇ ಕಡಮ್ಮೆ ಆತು. ಉದಿಯಪ್ಪಗ ಕಾಪಿ ಕುಡುದು ಜೆಗಿಲಿಲಿ ಕೂಪದು, ಮಾರ್ಗ ನೋಡುದು. "ಒಳ ಬಂದು ಆನೆಂತ ಮಾಡ್ಲಿದ್ದು ಕೂಸೇ, ನಿನಗೆ ಅಡ್ಡ ಅಷ್ಟೆ" ಹೇಳಿದವು ಒಂದು ದಿನ. ನೆಗೆ ಮಾಡಿಗೊಂಡೇ ಹೇಳಿದ್ದು. ಆದರೆ ಎನಗೆ ಆ ಮಾತು ಇರುಳಿಡೀ ಕೊರದತ್ತು. ಒಂದು ಕಾಯಿ ಕೆರದರೆ ಈ ಮನೆ ತನ್ನದು ಹೇಳಿ ಅವಕ್ಕೆ ಕಾಣ್ತು. ಅದು ಹೋದರೆ ಮೊಳಪ್ಪಿನ ಬೇನೆಂದ ದೊಡ್ಡ ಬೇನೆ ಸುರು ಆವ್ತು. ಮನೆಗೆ ಬಂದ ನೆಂಟ್ರು ಒಬ್ರು ಒಂದು ಉಪಾಯ ಹೇಳಿದವು. ಆ ಹಳೆ ಮಣೆ, ಮೆಟ್ಟುಕತ್ತಿಗೆ ಪಾಲಿಶು ಹಾಕುಸಿ ಚಾವಡಿ ಗೋಡೆಲಿ ನೇಲುಸಿ, ಪೇಟೆಲಿ ಈಗ ಅದುವೇ ಫ್ಯಾಶನು ಅಡ. ಅತ್ತೆ ಎಂತ ಹೇಳಿದವು ಗೊಂತಿದ್ದಾ? "ಗೋಡೆಲಿ ನೇಲುಸಿರೆ ಅದು ಮಣೆ ಅಲ್ಲ, ಪಟ."

ಸೋರಿಯ ಜೀವನಲ್ಲಿಯೂ ಇದೇ ಪ್ರಶ್ನೆ ಇದ್ದತ್ತು ಹೇಳಿ ಎನಗೆ ಕಂಡದು ಅಂಬಗ. ಅಪ್ಪ° ಚೆಂದದ ಸಾಮಾನುಗಳ ಮ್ಯೂಸಿಯಮಿಲಿ ಮಡಗಿ ಕಾಪಾಡಿದವು. ಅದು ದೊಡ್ಡ ಕೆಲಸವೇ. ಆದರೆ ಮನೆಲಿಪ್ಪವು ಈಗ ಎಂತರ್ಲಿ ಉಂಬದು, ಎಂತರ್ಲಿ ಕೂಪದು?

ಮಗ° ಇದಕ್ಕೆ ಉತ್ತರ ಹುಡ್ಕಿದ್ದು ಕೈಲಿ. ಅವು ಸುರುವಿಂಗೆ ಕಾಗದಲ್ಲಿ ನಕ್ಷೆ ಬಿಡುಸುವ ಜೆನ ಅಲ್ಲ. ರಟ್ಟು, ಜಿಪ್ಸಂ ಹಿಟ್ಟು, ಮಣ್ಣು, ಮರ, ಎಂತ ಸಿಕ್ಕುತ್ತೋ ಅದರ್ಲಿ ಸಾಮಾನಿನಷ್ಟೇ ದೊಡ್ಡ ಮಾದರಿ ಮಾಡುಗು. ಹಿಡುದು ನೋಡುಗು, ಕೆರಸುಗು, ಪುನಾ ಮಾಡುಗು. ನಕ್ಷೆ ಅಕೇರಿಗೆ. ಹಾಂಗೆ ಮಾದರಿ ಮಾಡುವಗ ಕೂಪಲೆ ಒಂದು ಸ್ಟೂಲು ಬೇಕಾತು ಅವಕ್ಕೇ. ಅದರಿಂದ 1954ರಲ್ಲಿ ಎಲಿಫೆಂಟ್ ಸ್ಟೂಲು ಹುಟ್ಟಿತ್ತು. ಆನೆ ಕಾಲಿನ ಹಾಂಗೆ ತೋರ ಮೂರು ಕಾಲು, ಫೈಬರ್‌ಗ್ಲಾಸಿಂದು, ಒಂದರ ಮೇಗೆ ಒಂದು ಪೇರುಸಿ ಮಡುಗಲಕ್ಕು. ಮೂರೇ ಕಾಲಿಪ್ಪ ಕಾರಣ ನೆಲ ಏರುತಗ್ಗು ಇದ್ದರೂ ಕುಣಿತ್ತಿಲ್ಲೆ. ನಮ್ಮ ಒಲೆಗೂ ಮೂರೇ ಗುಂಡುಕಲ್ಲು ಅಲ್ಲದೋ? ಐವತ್ತು ವರ್ಷ ಕಳುದು, 2004ರಲ್ಲಿ ವಿತ್ರಾ ಹೇಳ್ತ ಯುರೋಪಿನ ಕಂಪೆನಿ ಅದರ ಪ್ಲಾಸ್ಟಿಕ್ಕಿಲಿ ಪುನಾ ಮಾಡ್ಲೆ ಸುರು ಮಾಡಿತ್ತು.

ಎಂಗಳ ಕೆಟ್ಲಿನ ಮೂಲ 1953ರದ್ದು, ಟೋಕಿಯೋ ಗ್ಯಾಸ್ ಕಂಪೆನಿಗೆ ಬೇಕಾಗಿ ಅಲ್ಯುಮಿನಿಯಮಿಲಿ ಮಾಡಿದ್ದು. ಅಡಿ ಅಗಲ, ಗ್ಯಾಸಿನ ಕಿಚ್ಚು ಕರೆಂದ ಹೆರ ಹೋಗಿ ಹಾಳಾವ್ತಿಲ್ಲೆ, ನೀರು ಬೇಗ ಕೊದಿತ್ತು. ಈಗ ಸಿಕ್ಕುವ ಸ್ಟೀಲಿನ ಕೆಟ್ಲು 1994ರದ್ದು. ಹೇಳಿರೆ ಒಂದು ಕೆಟ್ಲಿನ ವಿಷಯವ ನಲುವತ್ತು ವರ್ಷ ತಲೆಂದ ಬಿಟ್ಟಿದವಿಲ್ಲೆ! ಹಿಟ್ಟು ಕಲಸುವ ಪಾತ್ರ 1960ರದ್ದು, ಐದು ಅಳತೆಲಿ ಇದ್ದು. ಸಣ್ಣದರ ದೊಡ್ಡ ಮಾಡಿದ್ದು ಹೇಳಿ ಅಲ್ಲ, ಸಣ್ಣ ಪಾತ್ರಲ್ಲಿ ಮಾಡುವ ಕೆಲಸ ಬೇರೆ, ದೊಡ್ಡದರ್ಲಿ ಬೇರೆ, ಹಾಂಗಾಗಿ ಆಕಾರವೂ ಬೇರೆ. ಚಮಚ, ಮುಳ್ಳುಚಮಚ 1974ರದ್ದು. ಒಂದು ಗೀಟು ಅಲಂಕಾರ ಇಲ್ಲೆ. ಹಿಡುದರೆ ಮಾಂತ್ರ ಗೊಂತಪ್ಪದು.

ಹಾಂಗೆ ಹೇಳಿ ಮನೆಯೊಳವೇ ನಿಂದವಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನ ಪಂಜು, 1972ರ ಸಪ್ಪೊರೊ ಚಳಿಗಾಲದ ಒಲಿಂಪಿಕ್ಸಿನ ಪಂಜು ಅವರ ವಿನ್ಯಾಸ. 1980ರಲ್ಲಿ ತೋಮೇ ಹೆದ್ದಾರಿಯ ಟೋಕಿಯೋ ಟೋಲ್ ಗೇಟಿಲಿ ವಾಹನದ ಶಬ್ದ ತಡವ ಗೋಡೆಗೆ ರೂಪ ಕೊಟ್ಟವು. ಪಂಜನ್ನೂ ಹಿಡಿಯೆಕ್ಕು, ಚಮಚವನ್ನೂ ಹಿಡಿಯೆಕ್ಕು. ಅವರ ಲೆಕ್ಕಲ್ಲಿ ಎರಡೂ ಒಂದೇ ಕೆಲಸ ಆಗಿದ್ದಿಕ್ಕು.

1977ರಲ್ಲಿ ಚಕ್ರ ಒಂದು ಸುತ್ತು ಬಂತು. ಅಪ್ಪ° ಕಟ್ಟಿದ ಮ್ಯೂಸಿಯಮಿಂಗೆ ಮಗ° ನಿರ್ದೇಶಕ ಆದವು. ಅಪ್ಪ° 1961ರಲ್ಲಿಯೇ ತೀರಿಗೊಂಡಿತ್ತಿದ್ದವು. ಸಣ್ಣ ಇಪ್ಪಗ ಬೇಡ ಹೇಳಿ ಬಿಟ್ಟು ಹೋದ ಭರಣಿಗಳ ಧೂಳು ಉದ್ದುವ ಜವಾಬ್ದಾರಿ ಅರುವತ್ತು ದಾಂಟಿದ ಮೇಗೆ ಬಂತು ಹೇಳಿ ಗ್ರೇಶಿರೆ ಎನಗೆ ನೆಗೆಯೂ ಬತ್ತು, ಕಣ್ಣೂ ಚೆಂಡಿ ಆವ್ತು. ಆದರೆ ಅವು ಅಲ್ಲಿ ಬರೇ ಕಾವಲುಗಾರ ಆಗಿ ಕೂಯಿದವಿಲ್ಲೆ. ಈ ಕಾಲದ ಮಿಂಗೆ ಎಲ್ಲಿದ್ದು ಹೇಳಿ ಹುಡ್ಕಿದವು. ಬೇಸ್‌ಬಾಲಿನ ಚೆಂಡು, ಜೀನ್ಸ್ ಪ್ಯಾಂಟು, ಪ್ರಯೋಗಶಾಲೆಯ ಗಾಜಿನ ಕುಪ್ಪಿ, ಹಿಮಬೆಟ್ಟ ಹತ್ತುವವರ ಕೊಡಲಿ. ಇದರ ವಿನ್ಯಾಸ ಆರದ್ದು? ಆರದ್ದೂ ಅಲ್ಲ. ಉಪಯೋಗುಸಿ ಉಪಯೋಗುಸಿ ಸರಿ ಆದ್ದು. ಮಿಷನಿಲಿ ಮಾಡಿದ್ದಾದರೂ ಅಪ್ಪನ ಭರಣಿಯ ಗುಣವೇ ಅದರ್ಲಿ ಇದ್ದು ಹೇಳಿ ಮಗ° ತೋರುಸಿದವು. ಜಗಳ ಮುಗುದ್ದು ಹೀಂಗೆ. ಆರೂ ಸೋತಿದವಿಲ್ಲೆ.

ಒಂದು ಮಾತು ಹೇಳದ್ದೆ ಇಪ್ಪಲಾಗ. ಬಡವರ ಸಾಮಾನಿನ ಚೆಂದಂದ ಸುರುವಾದ ಕತೆಯಾದರೂ, ಬಟರ್‌ಫ್ಲೈ ಸ್ಟೂಲಿನ ಕ್ರಯ ಈಗ ನಮ್ಮ ಹಾಂಗಿಪ್ಪವಕ್ಕೆ ಕೇಳಿಯೇ ತಲೆ ತಿರುಗುಗು. ಹೆಸರಿಲ್ಲದ್ದ ಸಾಮಾನು ಒಳ್ಳೆದು ಹೇಳಿದವರ ಹೆಸರನ್ನೇ ಬರದು ಅಂಗಡಿಲಿ ಮಾರ್ತವು. ಇದರ ಅವರ ತಲೆಗೆ ಕಟ್ಟುಲೆ ಎನಗೆ ಮನಸ್ಸಿಲ್ಲೆ. ಪೇಟೆಲಿ ಮಾರೆಕ್ಕಾದ ಸಾಮಾನಿಂಗೆ ಹೆಸರು ಬೇಕಾವ್ತು. ಆದರೆ ಕೆಟ್ಲಿನ ಹಿಡಿವಗ ಆ ಹೆಸರು ಎನಗೆ ನೆಂಪಾವ್ತಿಲ್ಲೆ, ಚಾಯ ಮಾಂತ್ರ ನೆಂಪಾವ್ತು. ಅಷ್ಟು ಆದರೆ ಅವು ಗೆದ್ದ ಹಾಂಗೆ ಅಲ್ಲದೋ?

2002ರಲ್ಲಿ ಜಪಾನು ಸರಕಾರ ಅವಕ್ಕೆ ಸಾಂಸ್ಕೃತಿಕ ಸಾಧಕ ಹೇಳಿ ಗೌರವ ಕೊಟ್ಟತ್ತು. 2011ರ ದಶಂಬರ 25ಕ್ಕೆ, 96ನೇ ಪ್ರಾಯಲ್ಲಿ ತೀರಿಗೊಂಡವು. ಅವು ಸುಮಾರು ವರ್ಷ ಪಾಠ ಮಾಡಿದ ಕಾನಾಜಾವಾ ಊರಿಲಿ 2014ರಲ್ಲಿ ಅವರ ಹೆಸರಿನ ವಿನ್ಯಾಸ ಕೇಂದ್ರ ಸುರು ಆತು. ಎಂಗೊ ಅಲ್ಲಿಗೆ ಹೋಗಿತ್ತಿದ್ದೆಯೊ°. ಎನಗೆ ಕೊಶಿ ಆದ ಸಂಗತಿ ಎಂತ ಹೇಳಿರೆ, ಅಲ್ಲಿ ಸಾಮಾನುಗಳ ಮುಟ್ಲಕ್ಕು, ಕುರ್ಶಿಲಿ ಕೂದು ನೋಡ್ಲಕ್ಕು. ಆನು ಬಟರ್‌ಫ್ಲೈ ಸ್ಟೂಲಿಲಿ ಕೂದ್ದು ಅಲ್ಲಿಯೇ. ಕೂದಪ್ಪಗ ಸ್ವಲ್ಪ ತಗ್ಗು ಹೇಳಿ ಕಂಡತ್ತು. ಕೂಪ ಜಾಗೆ 34 ಸೆಂಟಿಮೀಟರು ಅಷ್ಟೆ.

ಅತ್ತೆಯ ಮೊಳಪ್ಪಿಂಗೆ ಆ ಎತ್ತರ ಆಗ. ಅವು ಕೂದಲ್ಲಿಂದ ಏಳೆಕ್ಕಾರೆ ಮೊಳಪ್ಪಿಂದ ರಜ್ಜ ಮೇಗೆ ಬೇಕು. ಹಾಂಗಾಗಿ ಸೋರಿಯ ಸ್ಟೂಲಿನ ಕಾಪಿ ಹೊಡದರೆ ಪ್ರಯೋಜನ ಇಲ್ಲೆ, ಅವರ ಕೆಲಸದ ಕ್ರಮವ ಕಾಪಿ ಹೊಡವ° ಹೇಳಿ ಕಂಡತ್ತು. ಕಾಯಿ ಕೆರವ ಹಳೆ ಮಣೆಯನ್ನೇ ತಂದು ಅಡಿಲಿ ಎರಡೂ ಹೊಡೆಲಿ ಕೆಂಪುಕಲ್ಲು ಪೇರುಸಿದೆಯೊ°. ಮಣೆಲಿ ಕೂದರೆ ಕೂದವರ ಭಾರಲ್ಲಿಯೇ ಅದು ಹಂದದ್ದೆ ನಿಲ್ಲುತ್ತು, ಕಾಲಿಲಿ ಮೆಟ್ಟುವ ಅಗತ್ಯ ಇಲ್ಲೆ. ಅಜ್ಜನ ಕಾಲದ ಆಚಾರಿಯ ಬುದ್ಧಿ ಅದು, ಅದರ ಬಿಡ್ಲಿಲ್ಲೆ. ಬದಲ್ಸೆಕ್ಕಾದ್ದು ಎತ್ತರ ಮಾಂತ್ರ. ಸುರುವಿಂಗೆ 40 ಸೆಂಟಿಮೀಟರು ಮಾಡಿದೆಯೊ°. ಅತ್ತೆ ಕೂದವು, ಏಳುಲೆ ಎನ್ನ ಕೈ ಹಿಡ್ಕೊಂಡವು. ಆಗ. ಹಲಗೆ ತುಂಡು ಮಡಗಿ 44 ಮಾಡಿದೆಯೊ°. ಕೈ ಹಿಡಿಯದ್ದೆ ಎದ್ದವು. 47 ಮಾಡಿ ನೋಡಿಯಪ್ಪಗ ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲೆ ಹೇಳಿದವು. ಪುನಾ 44ಕ್ಕೇ ಬಂದೆಯೊ°.

ಮತ್ತೆ ಕಾಯಿ ಕಡಿ ಕೊಟ್ಟೆ. ಕೆರದವು. ಬಟ್ಲು ತುಂಬ ಕೆಳ ಆತು, ಕಾಯಿಸುಳಿ ಹೆರ ರಟ್ಟುತ್ತು, ಇದಕ್ಕೆ ಎದುರೆ ಒಂದು ಸಣ್ಣ ಪೀಠವೂ ಆಯೆಕ್ಕು ಹೇಳಿ ಸುರು ಮಾಡಿದವು. ಮತ್ತೆ ಮಣೆಯ ಕರೆ ತೊಡೆಗೆ ಒತ್ತುತ್ತು, ರಜ್ಜ ಉರುಟು ಮಾಡೆಕ್ಕು. ಮತ್ತೆ ಮೆಟ್ಟುಕತ್ತಿಯನ್ನೂ ಇದಕ್ಕೇ ಸಿಕ್ಕುಸುಲೆ ಎಡಿಗೋ ಕೇಳು ಆಚಾರಿಯ ಹತ್ತರೆ. ಇಷ್ಟು ಮಾತು ಅಡಿಗೆ ಕೋಣೆಲಿ ಅವರ ಬಾಯಿಂದ ಕೇಳದ್ದೆ ಸುಮಾರು ಸಮಯ ಆಗಿತ್ತು.

ಆಚಾರಿ ಬಪ್ಪ ಗುರುವಾರ ಬತ್ತೆ ಹೇಳಿದ್ದ°. ಹಿತ್ತಿಲಿಲಿ ಬಿದ್ದ ಹಲಸಿನ ಮರದ ಹಲಗೆ ಒಣಗಿ ಕೂಯಿದು. ಕಾಲು ಮೂರು ಸಾಕೋ ನಾಲ್ಕು ಬೇಕೋ ಹೇಳಿ ಎಂಗಳೊಳ ಇನ್ನೂ ತೀರ್ಮಾನ ಆಯಿದಿಲ್ಲೆ. ನಿಂಗಳ ಮನೆಲಿ ಹೆರಿಯೋರಿಂಗೆ ಹೀಂಗಿಪ್ಪದು ಎಂತಾರು ಮಾಡುಸಿದ್ದರೆ ಅಳತೆ ತಿಳಿಶಿ. ಆಚಾರಿ ಬಪ್ಪ ಮೊದಲು ಗೊಂತಾದರೆ ಉಪಕಾರ ಅಕ್ಕು.